ಗೀರಿಲ್ಲದ ಎಲೆ

ಈ ಪಾಠ ಪುಸ್ತಕದಲ್ಲಿಲ್ಲ.
ಜುಬೇದಾ ಎಲಿಗಾರ ಕೇಳಿದಳೆಂದು ಮಾಡಿದೆ.
ಅವಳ ಕಾಕಾ ಮಲೇಷ್ಯಾದಲ್ಲಿ ಪರೋಟ ಬಡಿಯುತ್ತಾನೆ,
ಫೋನಿನಲ್ಲಿ ಅಂದನಂತೆ: ಇಲ್ಲಿ ರಾಜಾನ್ನೂ ಆರಿಸ್ತಾರ.
'ಆರಿಸಿದ ಮ್ಯಾಲ ರಾಜಾ ಹೆಂಗಾದಾನ್ರಿ ಸರ್?'
ಸವಣೂರಿನ ಹುಡುಗಿ,
ನವಾಬರು ಮಾಜಿಯಾದ ಊರು. ಕೇಳಬೇಕಾದವಳೇ.

ಬೋರ್ಡಿನ ಮೇಲೆ ಹದಿಮೂರು ಚೌಕ.
ಒಂಬತ್ತಕ್ಕೆ ಸುಲ್ತಾನರು, ನಾಲ್ಕಕ್ಕಿಲ್ಲ.
ಒಂಬತ್ತು ಮಂದಿ ಕೂಡಿ ತಮ್ಮೊಳಗಿನ ಒಬ್ಬನನ್ನು
ಐದು ವರ್ಷಕ್ಕೆ ದೊಡ್ಡರಸನೆಂದು...
ಸೀಮೆಸುಣ್ಣ ಅಲ್ಲಿಗೆ ಮುರಿಯಿತು.
ಆಡಿಯೇ ನೋಡೋಣ, ಅಂದೆ.

ಸುಲ್ತಾನರು ಮುಂದಿನ ಬೆಂಚಿಗೆ ಬಂದರು,
ಒಬ್ಬ ಇನ್ನೂ ಚಪ್ಪಲಿ ಹುಡುಕುತ್ತಿದ್ದ.
ಮತಪತ್ರಕ್ಕೆ ಹಾಳೆ ಹರಿಯಹೋದರೆ ಜುಬೇದಾ ಬಿಡಲಿಲ್ಲ.
ಒದ್ದೆ ಬಟ್ಟೆ ಬಿಚ್ಚಿದಳು:
ಬೆಳಗಿನ ಲಿಲಾವಿನಲ್ಲಿ ಹೋಗದೆ ಉಳಿದ ಒಂದು ಕವಳಿ ಎಲೆ.

ಒಂದೇ ಪೆನ್ನು, ಒಂದೇ ಶಾಯಿ, ಅಲ್ಲಿಯೂ ಹಾಗೇ,
ಯಾರ ಕೈಬರಹವೆಂದು ತಿಳಿಯಕೂಡದು.
ಪೆನ್ನು ಎಲೆಯ ಮೇಲೆ ಓಡಲೊಲ್ಲದು.
ಉಗುರು ಸಾಕು: ಒಪ್ಪಿದರೆ ಒಂದು ಗೀರು.

ಸರದಿ ಫಕ್ಕೀರೇಶನದು,
ಹಾಜರಿ ಬಿಟ್ಟರೆ ತುಟಿ ತೆರೆಯದ ಫಕ್ಕೀರೇಶ.
ಗೀರಿದ್ದವು ಎಂಟು. ಗೀರಿಲ್ಲದ್ದು ಒಂದು.

ಎಣಿಸಿದ ಮೇಲೆ ಎಲ್ಲರೆದುರು ನಾಶ ಮಾಡಬೇಕು, ಅಂದೆ.
ನಾನು ಬೆಂಕಿಪೊಟ್ಟಣ ಹುಡುಕುವುದರೊಳಗೆ
ಒಂಬತ್ತೂ ಸುಲ್ತಾನರು ಅಗಿಯುತ್ತಿದ್ದರು.

ಹಿಂದಿನ ಬೆಂಚುಗಳಲ್ಲಿ ಗದ್ದಲ:
'ರಾಜಾ ಇಲ್ಲದ ಸೀಮಿಯವ್ರು ನಾವು. ನಮ್ಮದೇನ್ ಕತಿ?'
ಇನ್ನು ನಿಮ್ಮದೇ. ಮೂವತ್ತೊಂದು ಮಂದಿಯೂ ಪಾರ್ಲಿಮೆಂಟು.

ಹದಿಮೂರು, ಹನ್ನೊಂದು, ಏಳು.
ಯಾರಿಗೂ ಬಹುಮತವಿಲ್ಲ.
ಏಳರವರು ಆ ಕಡೆ ಹೋದರು, ಈ ಕಡೆ ಬಂದರು,
'ಖಾರಾ ಯಾರ್ ಕೊಡಸ್ತೀರಿ?'

ದೊಡ್ಡರಸ ನನ್ನ ಕುರ್ಚಿಯ ತುದಿಗೆ ಕೂತಿದ್ದ.
ಹದಿನಾರು ಮಂದಿ ಯಾರ ಹಿಂದಿದ್ದಾರೋ ಅವರನ್ನು ಕರೆ.
ನಿನಗಾಗಿ ಉಳಿದ ಕೆಲಸ ಅದೊಂದು, ಅದೂ ಇಂಥ ದಿನ ಮಾತ್ರ.
ಮಿಕ್ಕದ್ದೆಲ್ಲ ಅವರು ಬರೆದು ತರುತ್ತಾರೆ,
ನೀನು ಸಹಿ.

ಅವನೆದ್ದ.
ಬೆಂಚಿನಿಂದ ಬೆಂಚಿಗೆ, ಒಬ್ಬೊಬ್ಬರ ಮುಂದೆಯೂ ನಿಂತು:
'ನೀ ಯಾರ ಕಡೆ?'
'ನೀ?'
ಮೂವತ್ತೊಂದು ಸಲ. ಜೂನಿನಿಂದ ಅವನಾಡಿದ ಮಾತೆಲ್ಲ
ಕೂಡಿಸಿದರೂ ಇಷ್ಟಾಗುತ್ತಿರಲಿಲ್ಲ.
ಅವನು ಕೇಳುವಾಗ ಖಾರಾದ ಸುದ್ದಿ ಯಾರೂ ಎತ್ತಲಿಲ್ಲ.

ಜುಬೇದಾಗೆ ಹದಿನೇಳು.
ಪ್ರಧಾನಿಯ ಮೊದಲ ಕಾಯಿದೆ: ನಾಳೆ ಸೂಟಿ.

ಕಾಗದ ನೋಡಿದ, ನನ್ನನ್ನು ನೋಡಿದ.
'ಸಹಿ ಮಾಡಲಿಲ್ಲಂದ್ರ?'
ಮೂವತ್ತು ದಿನ ಬಿಟ್ಟು ತಾನೇ ಕಾಯಿದೆಯಾಗುತ್ತದೆ.
'ಹಂಗಾರ ಸಹಿ ಯಾತಕ್ರಿ?'

ಹೇಳಲು ಬಾಯಿ ತೆರೆದೆ. ಗಂಟೆಯಾಯಿತು.
ಆ ಗಂಟೆಗೆ ನಾನು ಇವತ್ತಿಗೂ ಋಣಿ.

ಕಾರಿಡಾರಿನಲ್ಲಿ ಹಿಂದಿನಿಂದ ಬಂದ,
ಹಲ್ಲೆಲ್ಲ ಹಸಿರು.
'ಗೀರಿಲ್ಲದ ಎಲಿ ನಂದ್ರಿ ಸರ್.'

ಅದನ್ನು ಯಾರಿಗೂ ಹೇಳಬಾರದಪ್ಪ, ಗುಪ್ತ ಮತದಾನ, ಅಂದೆ.
ಹೇಳಿರಲಿಲ್ಲ,
ಇಲ್ಲಿಯತನಕ.