ಕೂತಲ್ಲೇ

ಕರೆಂಟು ಹೋದ ಒಂದು ಮಧ್ಯಾಹ್ನ ಅವಳು ಬಂದಳು,
ಮುಳ್ಳೇರಿಯ ಪೇಟೆಯಲ್ಲಿ, ಬೇಕರಿಯ ಮಾಳಿಗೆ ಹತ್ತಿ,
ನಾನು ಟೈಪು ಮಾಡುವ ಅಕ್ಷಯ ಕೇಂದ್ರಕ್ಕೆ.
ಬಿಸಿಲಿಗೆ ಮೂಗು ಸಿಪ್ಪೆ ಎದ್ದಿತ್ತು.
ಶಾಲೆಯ ನೀಲಿ ಚೂಡಿದಾರು ಮೊಣಕಾಲಿಗೇ ನಿಂತಿತ್ತು;
ನಮ್ಮ ದರ್ಜಿಯ ಟೇಪಿನಲ್ಲಿ ಅಷ್ಟು ಉದ್ದದ ಹುಡುಗಿಯರಿಲ್ಲ.

ಹೆಸರು ಲೀಸ್. ದೇಶ ಎಸ್ಟೋನಿಯಾ.
ದನದ ಡಾಕ್ಟ್ರು ಕುಂಞಂಬು ಮಣಿಯಾಣಿಯವರ ಮನೆಗೆ
ಒಂದು ವರ್ಷದ ಮಟ್ಟಿಗೆ ಮಗಳಾಗಿ ಬಂದವಳು.
ಇಲ್ಲಿ ಪ್ಲಸ್ ಒನ್ನಿನಲ್ಲಿ ಕೂತು ಕೇಳಿದ್ದು ಅಲ್ಲಿ ಲೆಕ್ಕಕ್ಕಿಲ್ಲ.
ಅಲ್ಲಿಯ ಇಂಗ್ಲಿಷ್ ಪಾಠ ಏಳು ಬಾಕಿ ಉಂಟು.
ಏಪ್ರಿಲ್ ಹತ್ತರೊಳಗೆ ಬರೆದು ಕಳಿಸದಿದ್ದರೆ
ಕೂತ ಕ್ಲಾಸಿನಲ್ಲೇ ಮತ್ತೆ ಕೂರಬೇಕು.

ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.
ಹತ್ತನೆಯಲ್ಲಿ ಇಂಗ್ಲಿಷಿಗೆ ನಾಲ್ಕು ಮಾರ್ಕು ಸಾಲದೆ
ಮೂರು ಮಾರ್ಚ್ ತಿಂಗಳು
ಅದೇ ಬೆಂಚಿಗೆ ಹೋಗಿ ಬಂದವಳು ನಾನು.

ಅವಳು ಕೈಯಲ್ಲೇ ಬರೆಯುತ್ತಿದ್ದಳು, ನಾನು ಸ್ಕ್ಯಾನು ಮಾಡುತ್ತಿದ್ದೆ.
ಹಾಳೆಗೆ ಐದು ರೂಪಾಯಿ.
ಮೂರನೇ ಪಾಠದಿಂದ ತೆಗೆದುಕೊಳ್ಳಲಿಲ್ಲ.
ಪಿಂಚಣಿಯ ಮಸ್ಟರಿಂಗಿಗೆ ಬಂದ ಅಜ್ಜಂದಿರು
ಹೆಬ್ಬೆರಳು ಒತ್ತಿ ಒತ್ತಿ, ಸವೆದ ಗೆರೆ ಮೆಷಿನಿಗೆ ಕಾಣದೆ,
ಅವಳ ಪಕ್ಕದಲ್ಲಿ ಕಾಯುತ್ತ ಕೂರುತ್ತಿದ್ದರು.
ಎಂತ ಬರೆಯುವುದು ಮಗಳೇ,
ಒಬ್ಬರು ಮಲಯಾಳದಲ್ಲಿ, ಒಬ್ಬರು ತುಳುವಿನಲ್ಲಿ.
ಅವಳದು ಎಲ್ಲರಿಗೂ ಒಂದೇ ಉತ್ತರ: ಹೌದು.
ನಾನೇ ಕಲಿಸಿಕೊಟ್ಟ ಮೊದಲ ಶಬ್ದ,
ಎಲ್ಲಿ ಬೇಕಾದರೂ ನಡೆಯುತ್ತದೆಂದು.

ಇಂಗ್ಲಿಷ್ ಅವಳ ಮನೆಯದ್ದೂ ಅಲ್ಲ, ನನ್ನ ಮನೆಯದ್ದೂ ಅಲ್ಲ.
ಯಾರದೋ ಜಗಲಿಯಲ್ಲಿ ಚಪ್ಪಲಿ ಕಳಚಿಟ್ಟವರ ಹಾಗೆ
ಮೆಲ್ಲ ಮೆಲ್ಲ ಮಾತಾಡುತ್ತಿದ್ದೆವು.
ಶಬ್ದದ ಮುಂದೆ ‘ದಿ’ ಎಲ್ಲಿ ಇಡಬೇಕು, ಎಲ್ಲಿ ಬಿಡಬೇಕು,
ಅವಳಿಗೆ ತಿಳಿಯದು.
ನಮ್ಮಲ್ಲಿ ಅದು ಇಲ್ಲ ಎಂದಳು.
ನಮ್ಮಲ್ಲೂ ಇಲ್ಲ ಎಂದೆ.
ಅವತ್ತು ಕೆಳಗಿನಿಂದ ಎರಡು ಪಪ್ಸ್ ತರಿಸಿದೆ.

ಆರನೆಯ ಪಾಠ:
ನೀನಿರುವ ಊರಿನ ಒಬ್ಬರನ್ನು ಮಾತಾಡಿಸಿ ಬರೆ,
ಐನೂರು ಶಬ್ದ ಮೀರದಂತೆ.
ಅವಳು ಪೆನ್ನಿನ ಮುಚ್ಚಳ ಕಚ್ಚಿ ನನ್ನ ಕಡೆ ತಿರುಗಿದಳು.

ಹೇಳಿದೆ, ಬಂದಷ್ಟು.
ಅಮ್ಮ ಬೈದದ್ದು ಮರಾಟಿಯಲ್ಲಿ, ನಮ್ಮ ಮರಾಟಿಗೆ ಪುಸ್ತಕವಿಲ್ಲ.
ಮಗ್ಗಿ ಕಲಿತದ್ದು ಕನ್ನಡದಲ್ಲಿ,
ಚಿಲ್ಲರೆ ಎಣಿಸುವುದು ಈಗಲೂ ಅದರಲ್ಲೇ, ತುಟಿ ಆಡಿಸದೆ.
ಅಜ್ಜನಿಗೆ ಒಂದು ವರ್ಷ ತೀರ್ವೆಯ ರಶೀದಿ ಬಂತಂತೆ.
ಅದೇ ಗದ್ದೆ, ಅದೇ ಸರ್ವೆ ನಂಬ್ರ,
ಅವನ ಹೆಸರು ಮಾತ್ರ
ಅವನಿಗೆ ಓದಲು ಬಾರದ ಅಕ್ಷರದಲ್ಲಿ.
ತಲೆಕೆಳಗು ಮಾಡಿಯೂ ನೋಡಿದನಂತೆ.
ಮತ್ತೆ ಮಾಡಿನ ಸಂದಿಗೆ ಸಿಕ್ಕಿಸಿ ಅಜ್ಜಿಗೆ ಹೇಳಿದನಂತೆ:
ಕೂತಲ್ಲೇ ಪರದೇಶಕ್ಕೆ ಹೋದೆನಲ್ಲ ಮಾರಾಯ್ತಿ,
ಒಂದು ಬುತ್ತಿ ಕಟ್ಟಿಕೊಡಲಿಕ್ಕೂ
ನಿನಗೆ ಪುರುಸೊತ್ತಾಗಲಿಲ್ಲ.

ಲೀಸ್ ನಗಲಿಲ್ಲ. ತುಂಬ ಹೊತ್ತು ಬರೆದಳು.
ಅವಳ ಅಜ್ಜಿಯ ಬೀದಿಗೆ
ಅಜ್ಜಿ ಬದುಕಿದ್ದಾಗಲೇ ಮೂರು ಹೆಸರಾಯಿತಂತೆ.
ಅಷ್ಟು ಹೇಳಿ ಸ್ಟೇಪ್ಲರ್ ಕೇಳಿದಳು.

ಹದಿನೈದು ದಿನ ಕಳೆದು ಉತ್ತರ ಬಂತು. ಏಳೂ ಪಾಸು.
ಆರನೆಯದರಲ್ಲಿ ಒಂದು ಸಾಲಿನ ಕೆಳಗೆ ಕೆಂಪು ಗೆರೆ.
ಅಂಚಿನಲ್ಲಿ ಟೀಚರು ಬರೆದದ್ದನ್ನು ಓದಿ ಹೇಳಿದಳು:
ಎದ್ದು ಹೋಗದೆ ಪರದೇಶ ಹೇಗೆ? ಅರ್ಥ ಸ್ಪಷ್ಟವಿಲ್ಲ.
ಅರ್ಧ ಮಾರ್ಕು ಕಡಿತ.

ನಮ್ಮ ಅಜ್ಜನ ಬಾಬ್ತು ಹೋದ ಅರ್ಧ ಮಾರ್ಕು.
ಅವಳು ಮುಖ ಸಣ್ಣ ಮಾಡಿ ಏನೋ ಕೇಳಿದಳು,
ಕ್ಷಮೆ ಇರಬೇಕು, ಅವಳ ಭಾಷೆಯಲ್ಲಿ.
ಹೌದು ಎಂದೆ.

ಹೊರಗೆ ಸಾಲು ಬೆಳೆದಿತ್ತು.
ಟೋಕನ್ ಹದಿನಾಲ್ಕು ಎಂದು ಮಲಯಾಳದಲ್ಲಿ ಕೂಗಿದೆ.
ಯಾರೂ ಅಲುಗಲಿಲ್ಲ.
ಕನ್ನಡದಲ್ಲಿ ಕೂಗಿದೆ.
ಮೂಲೆಯ ಅಜ್ಜ ಎದ್ದ.