ಎರಡು ಕೋಟು ಬಿಳಿ

ಮಾಂಟ್ರಿಯಲ್, ಫೆಬ್ರವರಿ. ಕಾಲುವೆ ಕಲ್ಲಾಗಿತ್ತು.
ಹಿಂದೆ ಕೈಗವಸು ಹೊಲಿಯುತ್ತಿದ್ದ ಕಾರ್ಖಾನೆ, ನಾಲ್ಕನೇ ಮಹಡಿ;
ಈಗ ಅಲ್ಲಿ ಶುಕ್ರವಾರ ಬಿಂಗೊ, ಶನಿವಾರ ಮುದುಕರ ಕುಣಿತ.
"ಎಲ್ಲ ಬಿಳಿ ಮಾಡು, ಅನ್ಸೆಲ್ಮು" ಅಂದ ಮಾಲೀಕ ವಾರ್ತಾನ್,
"ಎಲ್ಲ ಅಂದರೆ ಎಲ್ಲ."

ಮಾಡಿದೆ.
ತೊಲೆ, ಪೈಪು, ಪೈಪಿನಿಂದ ತಲೆಕೆಳಗಾಗಿ ಅರಳಿದ
ಪುಟ್ಟ ಹಿತ್ತಾಳೆ ಹೂಗಳು, ನಲವತ್ತೊಂದು.
ಗನ್ ಹಿಡಿದು ಸಿಂಪಡಿಸಿ ಮನೆಗೆ ಓಡುವವನಲ್ಲ ನಾನು.
ಸಣ್ಣ ಬ್ರಷ್ಷು. ಒಂದೊಂದು ಎಸಳಿನ ಸಂದಿಗೂ ಇಳಿಸಿದೆ.
ಒಂದು ಹನಿ ನೆಲಕ್ಕೆ ಬಿದ್ದಿದ್ದರೆ ಕೇಳಿ.
ಹೂವಿನ ನಡುವೆ ಅಕ್ಕಿಕಾಳಿಗಿಂತ ತುಸು ಉದ್ದದ ಗಾಜು,
ಗಾಜಿನೊಳಗೆ ಕೆಂಪು ದ್ರವ.
ಆ ಕೆಂಪು ಇಣುಕುತ್ತಿತ್ತು ಅಂತ
ಅದಕ್ಕೆ ಮಾತ್ರ ಎರಡು ಕೋಟು.

ಸೋಮವಾರ ತಪಾಸಣೆಗೆ ಬಂದವಳು ಗಿಲೇನ್ ತಿಬೋಡೊ.
ಬೂಟಿನ ಹಿಮ ಕೊಡವಿ, ಟಾರ್ಚು ಹಲ್ಲಲ್ಲಿ ಕಚ್ಚಿ ಏಣಿ ಹತ್ತಿದಳು.
ಇಳಿದಳು. ಏಣಿ ಸರಿಸಿದಳು. ಹತ್ತಿದಳು.
ಬೈದಿದ್ದರೆ ವಾಸಿಯಿತ್ತು, ಬರೆದುಕೊಂಡಳು.
"ಥಿನ್ನರಿನಲ್ಲಿ ಒರೆಸಿಕೊಡುತ್ತೇನೆ" ಅಂದೆ, "ಒಂದು ರಾತ್ರಿ ಸಾಕು."
"ಒರೆಸುವ ಹಾಗಿಲ್ಲ. ತೆಗೆದು ಎಸೆಯಬೇಕು, ಅಷ್ಟನ್ನೂ."

ಮೂವತ್ತು ವರ್ಷದಲ್ಲಿ ನನ್ನ ಕೆಲಸ ಎಸೆಯಿರಿ ಅಂದವರಿಲ್ಲ.
ಮುಖಕ್ಕೆ ಮಸಿ ಬಳಿದರೆ ಅವಮಾನ ಅನ್ನುತ್ತಾರೆ;
ನಾನು ಬಳಿದದ್ದು ಬಿಳಿ, ಅದೂ ದುಬಾರಿ ಬಿಳಿ.
"ತೋರಿಸಿ" ಅಂದೆ. ದನಿ ಸ್ವಲ್ಪ ಜೋರಾಯಿತು.

ನೀರು ನಿಲ್ಲಿಸಿ ನನ್ನದೊಂದು ಬಿಚ್ಚಿಸಿದಳು,
ತನ್ನ ಚೀಲದಿಂದ ಬೆತ್ತಲೆಯದೊಂದು ತೆಗೆದಳು.
ಎರಡನ್ನೂ ವೈಸಿಗೆ ಕಚ್ಚಿಸಿ
ನನ್ನದೇ ಹೀಟ್ ಗನ್ ಕೇಳಿ ಇಸಿದುಕೊಂಡಳು,
ಹಳೇ ಬಣ್ಣ ಸುಲಿಯಲು ನಾನಿಟ್ಟುಕೊಂಡಿದ್ದು.
ಬಿಸಿಗಾಳಿ ಎರಡಕ್ಕೂ ಸಮ.
ನಾನು ನಮ್ಮ ಭಾಷೆಯಲ್ಲಿ ಎಣಿಸಿದೆ.

ಒಂಬತ್ತಕ್ಕೆ, ನೆಟಿಗೆ ಮುರಿದ ಹಾಗೆ, ಟಕ್.
ಬೆತ್ತಲೆಯದರ ಬಾಯಿ ಬಿಟ್ಟಿತು; ಬಿರಡೆ ನೆಲಕ್ಕುರುಳಿತು.
ಹತ್ತು. ಹನ್ನೊಂದು.
ನನ್ನದು ಬೆಚ್ಚಗೆ ಕಂಬಳಿ ಹೊದ್ದು ಮಲಗಿತ್ತು.
ಹದಿನೈದು.
ಅಡುಗೆಮನೆಯ ಬಾಗಿಲಿನಿಂದ ಹಾಲ್ ಕಾಣುತ್ತಿತ್ತು,
ಗೋಡೆಗೊರಗಿಸಿದ ಮಡಚುವ ಕುರ್ಚಿಗಳು.
ಹದಿನೆಂಟು.
ಹೊಸ ಸೊಂಟದ ಕೀಲು ಹಾಕಿಸಿಕೊಂಡ ಓದೆತ್
ಕುರ್ಚಿ ಬಿಟ್ಟು ಏಳುವುದಕ್ಕೇ ಹತ್ತು ಎಣಿಸಬೇಕು.
ಅಲ್ಲಿಂದ ಮೆಟ್ಟಿಲಿಗೆ, ಗಂಡನ ತೋಳು ಹಿಡಿದು,
ನಾನು ಏಣಿಯ ಮೇಲಿಂದ ನೋಡಿದ್ದೇನಲ್ಲ.
ಇಪ್ಪತ್ತೇಳು. ನಾಲಿಗೆ ಒಣಗಿತು.
ಮೂವತ್ತೊಂದಕ್ಕೆ ಒಳಗೆಲ್ಲೋ ಸದ್ದು, ಮೂಗು ಕಟ್ಟಿದವನ ಸೀನು.
ಗಾಜು ಒಡೆದಿತ್ತು, ನಿಜ. ಚೂರುಗಳು ಬಣ್ಣದ ಚರ್ಮದೊಳಗೇ.
ಬಿರಡೆ ಮಾತ್ರ ಕದಲಲಿಲ್ಲ.
ಹಿಡಿದುಕೊಂಡಿತ್ತು ನನ್ನ ಬಣ್ಣ. ಒಳ್ಳೆ ಬಣ್ಣ.
ಡಬ್ಬಿಯ ಮೇಲೆ ಹತ್ತು ವರ್ಷ ಗ್ಯಾರಂಟಿ.

"ನೀರಿನ ಒತ್ತಡ ತಳ್ಳಬಹುದು" ಅಂದಳು ಗಿಲೇನ್,
"ತಳ್ಳದೆಯೂ ಇರಬಹುದು."
ಗನ್ನು ಆರಿಸಿ ನನ್ನ ಕೈಗೇ ಕೊಟ್ಟಳು.

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರಂತೆ, ನಗುತ್ತೇವೆ.
ಈ ಮನೆಯವರು ಮೊದಲೇ ತೋಡಿ
ಸೂರಿಗೆ ನೇತುಹಾಕಿದ್ದರು ನಲವತ್ತೊಂದು ಬಾವಿ.
ಅವುಗಳ ಬಾಯಿಗೆ ಎರಡು ಕೋಟು.

ಪ್ಲಂಬರ್ ಬಂದ, ಹೊಸವು ಬಂದವು, ಬಿಲ್ಲೂ ಬಂತು,
ಅರ್ಧ ವಾರ್ತಾನನದು, ಅರ್ಧ ನನ್ನದು.
ಅವನ ಸ್ಪ್ಯಾನರು ಗೀರಿದ ಕಡೆಯೆಲ್ಲ ಮತ್ತೆ ಬಿಳಿ ಬೇಕು.
ಈ ಸಲ ಪ್ರತಿ ಹೂವಿಗೂ ಒಂದು ಕಾಗದದ ಚೀಲ ತೊಡಿಸಿ,
ಬಾಯಿಗೆ ರಬ್ಬರ್ ಬ್ಯಾಂಡು ಹಾಕಿ ಬಳಿದೆ.
ಗುರುವಾರ ರಾತ್ರಿ ಒಣಗಿತು. ಚೀಲ ಕಳಚಿದೆ.
ಕೆಂಪು ಮತ್ತೆ ಇಣುಕುತ್ತಿದೆ. ಇಣುಕಲಿ.

ಬ್ರಷ್ಷು ತೊಳೆದು, ಏಣಿ ಮಡಚಿ, ದೀಪ ಆರಿಸುವ ಮುಂಚೆ
ನೆಲದ ಮೇಲೆ ಚೀಲಗಳನ್ನು ಎಣಿಸಿದೆ.
ನಲವತ್ತು.
ಇನ್ನೊಮ್ಮೆ ಎಣಿಸಿದೆ.

ಏಣಿ ಬಿಚ್ಚಿದೆ.