ರೇಡಿಯೇಟರ್ ಕಾದಿದೆ

ಕಾರವಾರದಿಂದ ಕುಮಟಾ, ಮುಂಜಾನೆ ಆರೂ ಹತ್ತರ ಗಾಡಿ.
ದರಪಟ್ಟಿಗಿಂತ ಮೊದಲು ನನಗೆ ಬಾಯಿಪಾಠವಾದದ್ದು
ದಾರಿಯ ಶೌಚಾಲಯಗಳು.
ಬಿಣಗಾದಲ್ಲಿ ಹೋಟೆಲಿನ ಹಿಂದೆ, ಕೇಳಿದರೆ ಕೀಲಿ ಕೊಡುತ್ತಾರೆ.
ಅಮದಳ್ಳಿಯಲ್ಲಿ ಒಂದು ಮನೆ, ಬಾಗಿಲು ತೆರೆದಿದ್ದರೆ ನನ್ನ ಪುಣ್ಯ.
ಅವರ್ಸಾ ದಾಟಿದರೆ ಅಂಕೋಲೆಯವರೆಗೆ
ದೇವರೇ ಗತಿ.

ನಡುದಾರಿಯಲ್ಲಿ ನಾನು ಇಳಿದಾಗಲೆಲ್ಲ
ಚನಬಸಯ್ಯ ಎಂಜಿನ್ ಆರಿಸಿ ತಾನೂ ಇಳಿದು
ಬಾನೆಟ್ ಎತ್ತುತ್ತಿದ್ದ.
"ರೇಡಿಯೇಟರ್ ಕಾದೈತ್ರೀ, ಎರಡ್ ನಿಮಿಷ" ಎಂದು
ಐವತ್ತೆರಡು ಜನರಿಗೆ ಸುಳ್ಳು ಹೇಳುತ್ತಿದ್ದ
ಬದಾಮಿ ಕಡೆಯ ಸತ್ಯವಂತ.

ಫೈಲಿಗೆ ಬಟ್ಟೆಯ ಚೀಲ ಹೊಲಿಸಿದ್ದೆ.
ಮೇಲೆ ಮುಕ್ತಾ ಕೊಳಂಬಕರ್, ವಯಸ್ಸು ಇಪ್ಪತ್ತೈದು;
ಹೊಡೆದು, ತಿದ್ದಿ, ಹೊಡೆದು, ಮೂವತ್ತಾರು.
ಮೊದಲ ಡಾಕ್ಟರು ಜಂತು ಎಂದರು.
ರಕ್ತ ಏಳಕ್ಕೆ ಇಳಿದಾಗ, ಹೆಂಗಸರಲ್ಲಿ ಇದ್ದದ್ದೇ ಎಂದು
ಕಬ್ಬಿಣದ ಗುಳಿಗೆ. ನುಂಗಿದ್ದನ್ನೆಲ್ಲ ಕರಗಿಸಿದ್ದರೆ
ಬೈತಖೋಲದ ಬೋಟಿಗೊಂದು ಲಂಗರಾಗುತ್ತಿತ್ತು.
ಇನ್ನೊಬ್ಬರು ಕ್ಷಯವಿರಬಹುದೆಂದು ಆರು ತಿಂಗಳು ಮದ್ದು ಕೊಟ್ಟರು;
ಮೂತ್ರ ಕೆಂಪಾಯಿತು, ನೆರೆಯವರು ನನ್ನ ಲೋಟ ಬೇರೆ ಇಟ್ಟರು.
ಮತ್ತೊಬ್ಬರು ಪೆನ್ನಿನ ಮುಚ್ಚಳ ಹಾಕುತ್ತ ಕೇಳಿದರು:
"ಮದುವೆ ಆಗಿಲ್ಲವೇ?"

ಆಯಿ ಹೇಳುತ್ತಿದ್ದಳು, ಹೊಟ್ಟೆ ಕೆಟ್ಟಿದೆ, ಮೀನು ಬೇಡ,
ಬ್ರೆಡ್ಡು ಹಾಲು ತಿನ್ನು, ರವೆಗಂಜಿ ಕುಡಿ.
ಆಸ್ಪತ್ರೆಗೆ ನೋಡಲು ಬಂದವರು ತಂದದ್ದು
ಬಿಸ್ಕೀಟು, ರಸ್ಕು,
ಒಬ್ಬಳಂತೂ ರಾತ್ರಿಯೆಲ್ಲ ಕೂತು ಕಾಸಿದ ಗೋಧಿ ಹಲ್ವ.
ಹೀಗೆ ನನ್ನವರೆಲ್ಲ ಸೇರಿ, ಒಬ್ಬರಿಗೂ ತಿಳಿಯದೆ,
ಚಮಚ ಚಮಚವಾಗಿ.

ಕಂಡುಹಿಡಿದದ್ದು ಚನಬಸಯ್ಯ.
ಒಂದು ಮಧ್ಯಾಹ್ನ ಕುಮಟೆಯಲ್ಲಿ ಬುತ್ತಿ ಬಿಚ್ಚುತ್ತ:
"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನನ್ನ ಜ್ವಾಳದ ರೊಟ್ಟಿ ಉಂಡ ವಾರ
ನೀವು ಗಾಡಿ ನಿಲ್ಲಸಂಗಿಲ್ಲ.
ಕ್ಯಾಂಟೀನ್ ಚಪಾತಿ ತಿಂದ್ರ, ಮರುದಿನ ಬಾನೆಟ್."
ಲಾಗ್‌ಶೀಟಿನ ಬೆನ್ನಿಗೆ ಬರೆದಿಟ್ಟಿದ್ದ, ತಾರೀಖು ಸಹಿತ.

ಗೋಧಿ ಬಿಟ್ಟೆ. ಮೂರು ತಿಂಗಳಲ್ಲಿ ಬಳೆ ಬಿಗಿಯಾಯಿತು.
ಆಮೇಲೆ ಬಾಂಬೋಳಿಗೆ ಹೋದೆ.
ರಕ್ತ ಪರೀಕ್ಷೆ ಹೇಳಿತು: ಏನೂ ಇಲ್ಲ.
ಡಾಕ್ಟರು ಚಿಕ್ಕವಳು; ಚೀಲದ ಕಾಗದಗಳನ್ನೆಲ್ಲ
ಓದಿದವಳು ಅವಳೊಬ್ಬಳೇ.
"ತಿನ್ನದೆ ಬಂದರೆ ಅದು ಸಿಕ್ಕುವುದಿಲ್ಲ.
ಎರಡು ತಿಂಗಳು ದಿನಾ ಗೋಧಿ ತಿಂದು ಬನ್ನಿ."

ಕಳ್ಳನನ್ನು ಹಿಡಿಯಲು ಬಾಗಿಲು ತೆರೆದಿಟ್ಟು ಮಲಗಿದೆ.
ಬೆಳಗ್ಗೆ ಸೈಕಲ್ಲಿನ ಹಾರ್ನು, ಎರಡು ಪಾವು.
ಸತ್ಯನಾರಾಯಣನ ಸಪಾದಭಕ್ಷ್ಯಕ್ಕೆ ಎರಡು ಸಲ ಕೈಯೊಡ್ಡಿದೆ.
ರಾತ್ರಿ ನೊಗಲಿಗೆ ದಪ್ಪ ರವೆ. ನಮ್ಮೂರ ಮೀನೇ
ಆ ಅಂಗಿ ತೊಟ್ಟು ಇಷ್ಟು ವರ್ಷ ಒಳಗೆ ಬಂದದ್ದೆಂದು
ಆಗ ಹೊಳೆಯಿತು.
ರುಚಿಯಿತ್ತು, ಸುಳ್ಳು ಹೇಳಲಾರೆ.
ಬಾನೆಟ್ ದಿನಕ್ಕೆ ಮೂರು ಸಲ ಎದ್ದಿತು.

ಗಂಟಲಿನಿಂದ ಇಳಿದ ಕ್ಯಾಮೆರಾದ ಚಿತ್ರ ತೋರಿಸಿ
ಅವಳು ಬೆರಳುಗಳಂಥ ಏನನ್ನೋ ಗೀಚಿದಳು: ಹೀಗಿರಬೇಕಿತ್ತು.
ಪಕ್ಕದಲ್ಲಿ ಒಂದು ಚಪ್ಪಟೆ ಗೆರೆ.
ನನಗೆ ಕಂಡದ್ದು ಗಜನಿ ಗದ್ದೆ,
ಕಟ್ಟೆ ಒಡೆದು ಹೊಳೆ ನುಗ್ಗಿದ ಮಾರನೆಯ ದಿನ
ಮಲಗಿಬಿಟ್ಟ ಕಗ್ಗದ ಪೈರು.

ಹೆಸರು ಬಂತು. ಸೀಲಿಯಾಕ್.
ಆಯಿಗೆ ನಾಲಿಗೆ ತಿರುಗಲಿಲ್ಲ. "ಗೋಧಿ ಬೆಳೆಯದ ಊರಿಗೆ
ಯಾರ ಮನೆಯ ರೋಗ ಇದು" ಎಂದಳು.
ಹಳೆಯ ಕಾವಲಿಯನ್ನು ಬೂದಿ ಹಚ್ಚಿ ತಿಕ್ಕಿದಳು, ಮತ್ತೆ ತಿಕ್ಕಿದಳು,
ಹಿಟ್ಟು ಬೆರೆಸಿರುತ್ತಾರಂತೆ ಎಂದು ಇಂಗಿನ ಡಬ್ಬಿ ಹೊರಗಿಟ್ಟಳು.
ಅಕ್ಕಿಹಿಟ್ಟಿನಲ್ಲಿ ಮೀನು ಹೊರಳಿಸುತ್ತ
ನನ್ನ ಮುಖ ನೋಡಲಿಲ್ಲ.

ಚನಬಸಯ್ಯನಿಗೆ ಬಾಗಲಕೋಟೆಗೆ ವರ್ಗವಾಯಿತು.
ಈಗಿನವನು ಹುಡುಗ, ಅವಸರದವನು.

ನಿನ್ನೆ ತೋಡೂರಿನಲ್ಲಿ ಹತ್ತಿದ ಪಿಯುಸಿ ಹುಡುಗಿ,
ಮೊಣಕೈಯೆಲ್ಲ ಮೂಳೆ, ಕೈಯಲ್ಲಿ ಅರ್ಧ ಬಿಸ್ಕೀಟಿನ ಪೊಟ್ಟಣ,
ಹಾರವಾಡ ಬರುವ ಮುನ್ನವೇ ಎದ್ದು
ಬಾಗಿಲ ಸರಳು ಹಿಡಿದು ನಿಂತಳು. ಆ ನಿಲುವು ನನಗೆ ಗೊತ್ತು.
ಅದೇ ಇರಲಿಕ್ಕಿಲ್ಲ. ಬೇರೆ ನೂರು ಇರಬಹುದು.
ಸೀಟಿ ಊದಿದೆ.
"ಇಲ್ಲಿ ಯಾಕೆ ಮೇಡಂ?"
ರೇಡಿಯೇಟರ್ ಕಾದಿದೆ, ಎಂದೆ. ಇಳಿದು ಬಾನೆಟ್ ಎತ್ತು.